ಕಾಕಾ ಕತ್ತರಿಸಿದ ಸದ್ದು

ಮೊನ್ನೆ ಸಂಜೆ ನಮ್ಮ ಓಣಿಯ ತಿರುವಿನಲ್ಲಿ ಯಾರೋ ಬೆಸುಗೆ ಹಾಕುತ್ತಿದ್ದರು. ತಂತಿಗೆ ಹಚ್ಚುವ ರಾಳ ಸುಡುವ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು. ಹಿಂದಿನಿಂದ ಬಂದ ಸೈಕಲ್ಲಿನವನು ಮರಾಠಿಯಲ್ಲಿ ಏನೋ ಗೊಣಗಿ ಪಕ್ಕಕ್ಕೆ ಸರಿದು ಹೋದ. ಕುರುಡಿಯೊಬ್ಬಳು ದಾರಿ ನಡುವೆ ನಿಂತರೆ ಆಕೆಗೆ ದಾರಿ ತಪ್ಪಿದೆ ಎಂದೇ ಜನ ತಿಳಿಯುತ್ತಾರೆ. ತಿಳಿದುಕೊಳ್ಳಲಿ. ಈ ಊರಿನ ದಾರಿಗಳು ಅವರಿಗಿಂತ ನನಗೇ ಹೆಚ್ಚು ಗೊತ್ತು. ಆ ವಾಸನೆಗೆ ಮಾತ್ರ ಇಷ್ಟು ವರ್ಷವಾದರೂ ಹೆದರುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ಅಪ್ಪನ ಚಾದರದ ಅಂಗಡಿಯಿಂದ ಎರಡು ಬಾಗಿಲು ಆಚೆಗೆ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಆ ಅಂಗಡಿಯವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಬಂಧು ಬಳಗವೇನಲ್ಲ, ನೆರೆಯವರು ಅಷ್ಟೇ. ನಾಲ್ಕನೆಯ ವಯಸ್ಸಿಗೆ ಸಿಡುಬು ನನ್ನ ಎರಡೂ ಕಣ್ಣುಗಳನ್ನು ತೆಗೆದುಕೊಂಡು ಹೋಗಿತ್ತು. ಹದಿನೇಳರ ಹುಡುಗಿಯನ್ನು ಮನೆಯಲ್ಲಿ ಕೂರಿಸಿದರೆ ಬಂದ ನೆಂಟರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು, ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳು ಎನ್ನುತ್ತಿದ್ದರು. ಹಾಗಾಗಿ ಅಪ್ಪ ಬೆಳಿಗ್ಗೆ ನನ್ನನ್ನು ಕಾಕಾರ ಸ್ಟೂಲಿನ ಮೇಲೆ ಬಿಟ್ಟು ತನ್ನ ಗಲ್ಲಾಪೆಟ್ಟಿಗೆಗೆ ಹೋಗುತ್ತಿದ್ದ. ಅಲ್ಲಿ ಪಾಪ ಎನ್ನುವವರು ಯಾರೂ ಇರಲಿಲ್ಲ. ಕಾಕಾರಿಗೆ ನನ್ನ ಕಣ್ಣಿನ ಗೊಡವೆಯೇ ಬೇಕಿರಲಿಲ್ಲ, ಕಿವಿ ಬೇಕಿತ್ತು. ರಿಪೇರಿ ಮುಗಿದ ರೇಡಿಯೋವನ್ನು ನನ್ನ ತೊಡೆಯ ಮೇಲಿಟ್ಟು, "ನೋಡವ್ವ, ಇನ್ನೂ ಏನರ ಖರಖರ ಅಂತೈತೇನು" ಎಂದು ಕೇಳುತ್ತಿದ್ದರು. ನಾನು ಹೂಂ ಎಂದರೆ ಮತ್ತೆ ಬಿಚ್ಚುತ್ತಿದ್ದರು.

ಖರಖರ, ಗುಂಯ್ ಎನ್ನುವ ಸದ್ದುಗಳೆಂದರೆ ಅವರಿಗೆ ಮೈಮೇಲೆ ಇರುವೆ ಹರಿದ ಹಾಗೆ. ಅವರ ಭಾಷೆಯಲ್ಲಿ ಅದೆಲ್ಲ ಕಚರಾ, ಬರೀ ಕಸ. ಮಾತಿರಲಿ, ಹಾಡಿರಲಿ, ಅದೊಂದೇ ಸಾಫಾಗಿ ಕೇಳಬೇಕು, ಉಳಿದದ್ದೆಲ್ಲ ಹೋಗಬೇಕು. ಊರಿನಲ್ಲಿ ಅವರಿಗೆ ಹೆಸರು ಬಂದದ್ದೇ ಆ ಕೈಗುಣದಿಂದ. ಬೋರಾಮಣಿಯಂಥ ಹಳ್ಳಿಗಳಿಂದಲೂ ಜನ ರೇಡಿಯೋ ಹೊತ್ತು ಬರುತ್ತಿದ್ದರು.

ಕಾಕಾರಿಗೆ ಒಬ್ಬಳೇ ತಂಗಿ. ಅಕ್ಕಲಕೋಟಕ್ಕೆ ಕೊಟ್ಟಿದ್ದರು. ಮೂವತ್ತು ದಾಟಿದ ಮೇಲೆ ಒಂದು ಕೆಟ್ಟ ಜ್ವರ ಬಂದು ಆಕೆಯ ಕಣ್ಣು ಹೋಯಿತು. ಹುಟ್ಟಿನಿಂದಲೋ ಕೂಸಿದ್ದಾಗಲೋ ಕಣ್ಣು ಕಳೆದುಕೊಂಡವರಿಗೆ ಮೈಯೆಲ್ಲ ದಾರಿ ಹೇಳುತ್ತದೆ. ಆಕೆಗೆ ಅದಿರಲಿಲ್ಲ. ಎಂಟು ತಿಂಗಳು ಹೊಸ್ತಿಲು ದಾಟದೆ ಕೂತಿದ್ದಳಂತೆ, ಹಿತ್ತಲಿಗೂ ಅತ್ತೆಯೇ ಕೈ ಹಿಡಿದು ಒಯ್ಯಬೇಕಂತೆ. ಆಕೆ ಅಣ್ಣನ ಮುಂದೆ ಕೇಳಿಕೊಂಡದ್ದು ಒಂದೇ. ಮನೆಯ ಎದುರಿಗೆ, ದೊಡ್ಡ ರಸ್ತೆಯ ಆಚೆ, ಹಿಟ್ಟಿನ ಗಿರಣಿ ಇತ್ತು. ಮೊದಲಿನ ಹಾಗೆ ಜೋಳದ ಬುಟ್ಟಿ ಹೊತ್ತು ತಾನೊಬ್ಬಳೇ ಅಲ್ಲಿಗೆ ಹೋಗಿ ಬರಬೇಕು. ಅಷ್ಟಾದರೆ ಸಾಕು, ಮುಂದಿನದು ತಾನಾಗಿ ಆಗುತ್ತದೆ ಎಂದಿದ್ದಳಂತೆ.

ಅಕ್ಕಲಕೋಟದಿಂದ ಬಂದ ಮರುದಿನ ಕಾಕಾ ನನ್ನ ಸ್ಟೂಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. "ನಿನ್ನ ಕಿವಿ ನನಗ ಒಂದೆರಡು ತಿಂಗಳ ಕಡಾ ಕೊಡು ನಮ್ಮವ್ವ. ತಂಗಿಗೆ ಒಂದು ಆಟ ಮಾಡಿಕೊಡಬೇಕಂತ ಮಾಡೀನಿ" ಎಂದರು. ಆಟವಾಡುತ್ತಲೇ ರಸ್ತೆ ದಾಟುವುದನ್ನು ಕಲಿಯಲಿ, ತಪ್ಪಿದರೆ ಆಟದಲ್ಲಿ ತಪ್ಪಲಿ ಎನ್ನುವುದು ಅವರ ಲೆಕ್ಕ.

ಯಾರೋ ರಿಪೇರಿಗೆ ಕೊಟ್ಟು ಮರೆತುಹೋಗಿದ್ದ ದೊಡ್ಡ ಟೇಪ್ ರೆಕಾರ್ಡರ್ ಒಂದು ಅವರ ಬಳಿ ಇತ್ತು, ಎರಡು ಚಕ್ರಗಳದ್ದು. ಅಂಗಡಿ ಕಟ್ಟೆಯ ಎರಡು ತುದಿಗೆ ಎರಡು ಮೈಕು ಇಟ್ಟು ರಸ್ತೆಯ ಸದ್ದನ್ನೆಲ್ಲ ತುಂಬಿಕೊಂಡರು. ಎಡಗಡೆಯದು ಎಡಗಿವಿಗೆ, ಬಲಗಡೆಯದು ಬಲಗಿವಿಗೆ. ಹೆಡ್‌ಫೋನ್ ಹಾಕಿಕೊಂಡರೆ ಲಾರಿ ಒಂದು ಕಿವಿಯಿಂದ ಹೊಕ್ಕು ತಲೆಯ ನಡುವೆ ಹಾಯ್ದು ಇನ್ನೊಂದರಿಂದ ಹೊರಬೀಳುತ್ತಿತ್ತು. ಕೈಯಲ್ಲಿ ಕರೆಗಂಟೆಯ ಗುಂಡಿ. ಗುಂಡಿ ಒತ್ತಿ ಹಿಡಿದರೆ ನೀವು ನಡೆಯುತ್ತಿದ್ದೀರಿ, ಬಿಟ್ಟರೆ ನಿಂತಿದ್ದೀರಿ. ಹನ್ನೆರಡು ಎಣಿಸುವಷ್ಟು ಹೊತ್ತು ಒತ್ತಿದರೆ ರಸ್ತೆ ದಾಟಿದ ಹಾಗೆ. ಟೇಪಿನಲ್ಲಿ ಗಾಡಿ ಎದುರಿಗೆ ಬರುವ ಜಾಗಗಳಿಗೆಲ್ಲ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆಯ ಚೂರು ಅಂಟಿಸಿದ್ದರು. ಆ ಚೂರು ಎರಡು ತಂತಿಗಳನ್ನು ತಾಗಿಕೊಂಡು ಹೋಗುವಾಗ ನಿಮ್ಮ ಬೆರಳು ಗುಂಡಿಯ ಮೇಲಿದ್ದರೆ ಒಂದು ಒರಟು ಬಝರು ಕಿರುಚುತ್ತಿತ್ತು. ಆಗ ಕಾಕಾ ಮೆಲ್ಲಗೆ, "ಹೋದಿ" ಎನ್ನುತ್ತಿದ್ದರು. ಅವರು ನಗುತ್ತಲೇ ಅನ್ನುತ್ತಿದ್ದರು. ನನಗೆ ಮಾತ್ರ ಆ ಮಾತು ಬೆನ್ನ ಹುರಿಯಲ್ಲಿ ತಣ್ಣಗೆ ಇಳಿಯುತ್ತಿತ್ತು...

ಮೊದಲ ಟೇಪಿನಲ್ಲಿ ನಾನು ಹತ್ತರಲ್ಲಿ ಏಳು ಸಲ ದಾಟಿದೆ. ಮೂರು ಸಲ ಸತ್ತೆ. ರಸ್ತೆಯ ಸದ್ದಿನ ಅಡಿಯಲ್ಲಿ ಒಂದೇ ಸಮ ಗುಡುಗುಡು ಇತ್ತು, ಗಾಲಿಗಳು ಕಲ್ಲುರಸ್ತೆಯ ಮೇಲೆ ಉರುಳುವ ಸದ್ದು. ಅದು ಇಂಜಿನ್ನಿನ ಸದ್ದನ್ನು ಕಲಸಿಬಿಡುತ್ತಿತ್ತು. ಕಾಕಾ ಅದಕ್ಕೆ ಕಚರಾ ಎಂದರು. ಒಂದು ಕಂಡೆನ್ಸರ್ ಹಾಕಿ ಆ ಅಡಿಯ ಗುಡುಗುಡುವನ್ನು ಪೂರ್ತಿ ಕತ್ತರಿಸಿ ಎರಡನೆಯ ಟೇಪು ಮಾಡಿದರು. ಅದರಲ್ಲಿ ಇಂಜಿನ್ನುಗಳು ಗಂಟೆ ಬಾರಿಸಿದ ಹಾಗೆ ಒಂದೊಂದೇ ಬಂದು ಹೋಗುತ್ತಿದ್ದವು, ನಡುನಡುವೆ ತೊಳೆದಿಟ್ಟ ಹಾಗೆ ಮೌನ. ನಾನು ಹತ್ತಕ್ಕೆ ಹತ್ತು ದಾಟಿದೆ. ಕಾಕಾ ಅಕ್ಕಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದರು. ಅಪ್ಪನೂ ಬಂದ. ಯಾವತ್ತೂ ಹೊಗಳದ ಅಪ್ಪ, "ಶಾಣ್ಯಾ ಅದಾಳ" ಎಂದ.

"ತಂಗಿಗೆ ಯಾವುದು ಒಯ್ಯಲಿ, ಮೊದಲಿಂದೋ, ಈ ಸಾಫ್ ಮಾಡಿದ್ದೋ" ಎಂದು ಕಾಕಾ ಕೇಳಿದಾಗ ಅಪ್ಪ ಇನ್ನೂ ಅಲ್ಲೇ ನಿಂತಿದ್ದ. "ಸಾಫ್ ಮಾಡಿದ್ದ ಛಲೋ ಐತ್ರಿ" ಎಂದೆ.

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಎಸ್‌ಟಿ ಬಸ್ಸಿನಲ್ಲಿ ಹೋದೆವು, ಟೇಪ್ ರೆಕಾರ್ಡರು ನಮ್ಮಿಬ್ಬರ ನಡುವೆ ಗಂಡಿನ ಕಡೆಯ ಬೀಗರ ಹಾಗೆ ಸೀಟು ತುಂಬಿ ಕೂತಿತ್ತು. ಕಾಕಾರ ತಂಗಿಗೆ ನಾನು ಅತ್ಯಾ ಎಂದೆ. ಅವರ ಕೈ ತಣ್ಣಗಿತ್ತು, ದನಿ ಎಲ್ಲೋ ಒಳಗಿನ ಕೋಣೆಯಿಂದ ಬಂದ ಹಾಗೆ ಇತ್ತು. ಮೊದಲ ಸಲ ಬಝರು ಕಿರುಚಿದಾಗ ಹೆದರಿ ಗುಂಡಿಯನ್ನೇ ಎಸೆದರು. ಎರಡನೆಯ ಸಲ ಎಸೆಯಲಿಲ್ಲ. ಮೂರನೆಯ ಸಲ ನಕ್ಕರು. ಎಂಟು ತಿಂಗಳಲ್ಲಿ ಅದೇ ಮೊದಲ ನಗು ಎಂದು ಅವರ ಅತ್ತೆ ಅಳತೊಡಗಿದರು.

"ಇದರಾಗ ಸತ್ತರೂ ಮತ್ತ ಎದ್ದು ಆಡಾಕ ಬರ್ತೈತಲ್ಲ ಅಣ್ಣಾ" ಎಂದರು ಅತ್ಯಾ.

ಮೂರು ದಿನ ಅಲ್ಲಿದ್ದೆವು. ನಾನೇ ಪಕ್ಕದಲ್ಲಿ ಕೂತು ಕಲಿಸಿದೆ. ಸದ್ದಿದ್ದರೆ ನಿಲ್ಲಬೇಕು, ಸದ್ದಿಲ್ಲದಿದ್ದರೆ ನಡೆಯಬೇಕು. ದಿನಾ ನೂರು ಸಲ ಹೇಳಿದ್ದೇನೆ. ಕೊನೆಯ ಮಧ್ಯಾಹ್ನ ಅತ್ಯಾ ಹತ್ತಕ್ಕೆ ಹತ್ತು ದಾಟಿದರು. ಕಾಕಾ ಒಳಗೆ ತಂತಿ ಸುತ್ತುತ್ತ ಏನೋ ಗುನುಗುತ್ತಿದ್ದರು. ನಾವಿಬ್ಬರು ಹೊರಗೆ ಕಟ್ಟೆಯ ಮೇಲೆ ಕಾಲು ನೆಲಕ್ಕೂರಿ ಕೂತಿದ್ದೆವು. ಅವರ ಮನೆಯ ಮುಂದಿನ ರಸ್ತೆ ಇಳಿಜಾರಿನದು. ಡೀಸೆಲ್ ತುಟ್ಟಿಯಾಗಿದ್ದ ಕಾಲ, ಲಾರಿಯವರು ಮೇಲೆ ಬಂದು ಮುಟ್ಟಿದ ಕೂಡಲೇ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಉರುಳಲು ಬಿಡುತ್ತಿದ್ದರು. ಅದು ನನಗೆ ಆಗ ಗೊತ್ತಿರಲಿಲ್ಲ. ಅತ್ಯಾ ಗಿರಣಿಯವನ ಸುದ್ದಿ ಹೇಳುತ್ತಿದ್ದರು. ಅಷ್ಟರಲ್ಲಿ ನನ್ನ ಅಂಗಾಲಿಗೆ ನೆಲ ನಡುಗಿದ್ದು ತಿಳಿಯಿತು. ಆಮೇಲೆ ಆ ಗುಡುಗುಡು, ಕಾಕಾ ಕತ್ತರಿಸಿ ತೆಗೆದಿದ್ದ ಅದೇ ಸದ್ದು, ದೂರದಿಂದ ಹತ್ತಿರಕ್ಕೆ ಬಂತು. ಬೇರೆ ಯಾವ ಸದ್ದೂ ಇಲ್ಲ. ದೊಡ್ಡದೊಂದು ಭಾರ ನಮ್ಮ ಮುಂದೆಯೇ ಉರುಳಿ ಹೋಯಿತು, ಬಿಸಿ ಗಾಳಿ ಮುಖಕ್ಕೆ ಬಡಿಯಿತು.

ಅತ್ಯಾ ಮಾತು ನಿಲ್ಲಿಸಲಿಲ್ಲ. ಅದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೂ ಅದನ್ನು ಸದ್ದು ಎಂದು ಎಣಿಸಬಾರದೆಂದು ನಾವು ಮೂರು ದಿನ ಕಲಿಸಿದ್ದೆವಲ್ಲ.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಕಾಕಾ ಒಳಗಿನಿಂದ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಇವಳ ಕಿವಿ ಇರಲಿಲ್ಲಂದ್ರ ಈ ಆಟ ಆಗತಿರಲಿಲ್ಲ ತಂಗಿ" ಎಂದರು. ಬಸ್ಸಿನ ಹೊತ್ತಾಗಿತ್ತು. ಟೇಪಿನಲ್ಲಿ ತಪ್ಪಿದೆ ಎಂದರೆ ಅದನ್ನು ಆರಿಸಿದವಳು ನಾನೇ ಎಂದೂ ಹೇಳಬೇಕಿತ್ತು, ಅಪ್ಪನ ಮುಂದೆಯೂ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಬಸ್ಸಿನಲ್ಲಿ ಕಾಕಾ ಇಡೀ ದಾರಿ ಮಾತಾಡಿದರು. ನಾನು ನಿದ್ದೆ ಬಂದವಳ ಹಾಗೆ ತಲೆ ಬಾಗಿಸಿ ಕೂತೆ.

ಹದಿನೈದು ದಿನಕ್ಕೆ ಅತ್ಯಾರಿಂದ ಕಾಗದ ಬಂತು, ಯಾರ ಕೈಯಲ್ಲೋ ಬರೆಸಿದ್ದು. ಅವರು ಒಬ್ಬರೇ ಗಿರಣಿಗೆ ಹೋಗಿ ಬಂದಿದ್ದರು. ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ನನಗೆ ಎರಡು ಕೊಟ್ಟರು. ನಾನು ತಿಂದೆ. ಆಮೇಲೆ ದಿನವೂ ಬೆಳಿಗ್ಗೆ ಎದ್ದ ಕೂಡಲೇ, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ರಾಳದ ವಾಸನೆಯ ನಡುವೆ ಕೂತಾಗ, ಇಷ್ಟು ದಿನ ಏನೂ ಆಗಿಲ್ಲವಲ್ಲ ಎನಿಸುತ್ತಿತ್ತು. ಹೊರಗೆ ರಸ್ತೆಯಲ್ಲಿ ಏನಾದರೂ ಉರುಳಿದರೆ ಮಾತ್ರ ಎದೆ ಹಾರುತ್ತಿತ್ತು. ಅಪ್ಪ ಯಾಕೋ ಹುಡುಗಿ ಸೊರಗಿದ್ದಾಳೆ ಎಂದು ಕಷಾಯ ಮಾಡಿಸಿದ.

ಬೇಸಿಗೆ ಕಾಲಿಡುವ ಹೊತ್ತು. ಅಕ್ಕಲಕೋಟದಲ್ಲಿ ಆ ದಿನ ಕರೆಂಟು ಹೋಯಿತಂತೆ, ಗಿರಣಿ ನಿಂತಿತು. ಗಿರಣಿಯವನು, ಸಂಜೆಗೆ ಬರ್ರಿ ಅಕ್ಕಾ ಎಂದನಂತೆ. ಅತ್ಯಾ ಬುಟ್ಟಿ ಅಲ್ಲೇ ಇಟ್ಟು ರಸ್ತೆಯ ಅಂಚಿಗೆ ಬಂದು ನಿಂತರಂತೆ. ಅವಸರ ಮಾಡಲಿಲ್ಲ, ಬಹಳ ಹೊತ್ತು ನಿಂತು ಎರಡೂ ಕಡೆ ಕಿವಿಗೊಟ್ಟು ಕೇಳಿದರು ಎಂದು ಗಿರಣಿಯವನು ಆಮೇಲೆ ಎಲ್ಲರಿಗೂ ಹೇಳಿದ. ರಸ್ತೆ ಸುಮ್ಮನಿತ್ತು. ಮೈಂದರ್ಗಿ ಕಡೆಯಿಂದ ಹತ್ತಿ ತುಂಬಿಕೊಂಡು ಬಂದ ಲಾರಿ ಇಂಜಿನ್ ಬಂದ್ ಮಾಡಿ ಇಳಿಯುತ್ತಿತ್ತು. ಗಿರಣಿಯವನು ಕೂಗಿದ. ಅತ್ಯಾ ರಸ್ತೆಯ ನಡುವೆ ನಿಂತು ಅವನ ಕಡೆ ತಿರುಗಿದರಂತೆ...

ಹನ್ನೊಂದು ದಿನ ಕಾಕಾ ಅಂಗಡಿ ತೆರೆಯಲಿಲ್ಲ. ಹನ್ನೆರಡನೆಯ ದಿನ ನಮ್ಮ ಮನೆಗೆ ಬಂದರು. ಅವ್ವ ಚಹಾ ಇಟ್ಟಳು, ಕುಡಿಯಲಿಲ್ಲ. ನನ್ನ ಮುಂದೆ ಬಂದು ಕೂತರು.

"ಡ್ರೈವರ ಇಂಜಿನ್ ಬಂದ್ ಮಾಡಿದ್ದ. ಗಾಲಿ ಸದ್ದು ಅಷ್ಟ ಇತ್ತು. ಅದನ್ನ ನಾನ ಕತ್ತರಿಸಿ ಒಗದಿದ್ದೆ" ಎಂದರು. ಆಮೇಲೆ ಕೇಳಿದರು, "ನೀ ಎರಡೂ ಟೇಪ ಕೇಳೀದಿ. ಸಾಫ್ ಮಾಡಿದ್ದರಾಗ ಏನರ ಕಮ್ಮಿ ಐತಿ ಅಂತ ನಿನಗ ಅನಸಿತ್ತೇನವ್ವ?"

ಬೈಯಲು ಬಂದವರ ದನಿಯಲ್ಲ ಅದು. ರೇಡಿಯೋ ತೊಡೆಯ ಮೇಲಿಟ್ಟು ಕೇಳುತ್ತಿದ್ದರಲ್ಲ, ಅದೇ ದನಿ. ನನ್ನ ಕಿವಿಯ ಮೇಲೆ ಅವರಿಗೆ ಇನ್ನೂ ಅಷ್ಟು ನಂಬಿಕೆ.

"ಇಲ್ರಿ ಕಾಕಾ" ಎಂದೆ.

ಅವರು ಉಸಿರು ಬಿಟ್ಟರು. "ಹಂಗಾದ್ರ ಅದು ನಂದ ತಪ್ಪು. ನೀ ಮನಸಿಗೆ ಹಚ್ಚಿಕೋಬ್ಯಾಡ" ಎಂದು ನನ್ನ ತಲೆ ಸವರಿದರು.

ಅದಾದ ಮೇಲೆ ಅವರು ರೇಡಿಯೋಗಳನ್ನು ಅರ್ಧಂಬರ್ಧ ಮಾಡಿ ಕೊಡತೊಡಗಿದರು. ಗಿರಾಕಿಗಳು ಇನ್ನೂ ಗುಂಯ್ ಅನ್ನುತ್ತದೆ ಎಂದು ತಕರಾರು ಮಾಡಿದರೆ, ಇರಲಿ ಬಿಡ್ರಿ ಎನ್ನುತ್ತಿದ್ದರು. ನನ್ನನ್ನು ಕೇಳುವುದನ್ನು ಬಿಟ್ಟರು. ಬರುವವರು ಕಡಿಮೆಯಾದರು. ಒಂದು ದಿನ ಅಂಗಡಿಗೆ ಬೀಗ ಹಾಕಿ ಅಕ್ಕಲಕೋಟಕ್ಕೆ ಹೋದವರು ತಿರುಗಿ ಬರಲಿಲ್ಲ. ಗಿರಣಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ, ರಸ್ತೆ ದಾಟುವ ಮುದುಕಿಯರನ್ನು ಕೈ ಹಿಡಿದು ದಾಟಿಸುತ್ತಾರೆ ಎಂದು ಚಾದರ ಒಯ್ಯಲು ಬಂದ ಆ ಕಡೆಯವರು ಹೇಳುತ್ತಿದ್ದರು. ಒಂದೇ ತಾಸಿನ ದಾರಿ. ಹನ್ನೆರಡು ವರ್ಷ ಅವರು ಅಲ್ಲಿ ಬದುಕಿದ್ದರು, ನಾನು ಒಮ್ಮೆಯೂ ಹೋಗಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಮೊದಲು ದುಃಖವಾಗಲಿಲ್ಲ. ಮೈ ಹಗುರಾಯಿತು. ಇನ್ನು ಆ ಮಾತನ್ನು ನನ್ನನ್ನು ಕೇಳುವವರು ಯಾರೂ ಉಳಿದಿಲ್ಲ ಎಂದು ಹಗುರಾಯಿತು. ಅತ್ತದ್ದು ಬಹಳ ದಿನಗಳ ಮೇಲೆ. ಅದು ಅವರಿಗಾಗಿಯೋ, ನನಗಾಗಿಯೋ, ಇಂದಿಗೂ ಬಿಡಿಸಿ ಹೇಳಲಾರೆ.

ಇದನ್ನೆಲ್ಲ ನಾನು ಹೇಳುತ್ತ ಬಂದೆ, ನನ್ನ ತಮ್ಮನ ಹೆಂಡತಿ ಬರೆದುಕೊಳ್ಳುತ್ತ ಬಂದಳು. ಇಂಡಿ ಕಡೆಯ ಹೆಣ್ಣು, ನಮ್ಮ ಮನೆಯಲ್ಲಿ ಕನ್ನಡ ಬರೆಯಲು ಬರುವುದು ಆಕೆಯೊಬ್ಬಳಿಗೇ. ಈಗ ಆಕೆಯ ಪೆನ್ನು ನಿಂತಿದೆ.

"ಅಕ್ಕಾರ, ಖರೇನ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು.

"ಗೊತ್ತಿತ್ತು" ಎಂದೆ. "ಬರಿ."