ಉಪ್ಪುನೀರಿನ ಲೋಟ

ಸೊಪ್ಪಿನಜ್ಜಿಯ ಬಲಗೈ ಹೆಬ್ಬೆರಳು ಎಷ್ಟು ತೊಳೆದರೂ ಹಸಿರಾಗಿಯೇ ಇರುತ್ತಿತ್ತು. ದಂಟು ಮುರಿದು, ಬೇರು ಚಿವುಟಿ, ಕಟ್ಟು ಕಟ್ಟಿ, ಉಗುರಿನ ಸಂದಿಯಲ್ಲೆಲ್ಲ ಬಣ್ಣ ಇಳಿದುಬಿಟ್ಟಿತ್ತು. ಒಂದು ಬೆಳಿಗ್ಗೆ ಆ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಡಿಯದೆ ಹೋಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಈಗಲೂ ಮಾಡುತ್ತಿರುವ ಕೆಲಸ ಬಿಟ್ಟು ಕೂತುಬಿಡುತ್ತೇನೆ.

ಐವತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಬೀದಿಯ ಮನೆಗಳಲ್ಲಿ ಇನ್ನೂ ಹೊಸ ಸುಣ್ಣದ ವಾಸನೆ. ಯಜಮಾನರು ಸೈಕಲ್ಲೇರಿ ಕಾರ್ಖಾನೆಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಒಂದೂವರೆ ವರ್ಷದ ಮಗಳು. ಎಂಟರ ಹೊತ್ತಿಗೆ ಅಜ್ಜಿ ಮಾರೇನಹಳ್ಳಿಯಿಂದ ಮಂಕರಿ ಹೊತ್ತು ಬರುತ್ತಿದ್ದಳು. ಜಗಲಿಯ ಮೇಲೆ ಕೂರುತ್ತಿದ್ದಳೇ ಹೊರತು ಹೊಸ್ತಿಲು ದಾಟುತ್ತಿರಲಿಲ್ಲ. ಒಳಗೆ ಬಾ ಎಂದು ನಾನೂ ಕರೆದವಳಲ್ಲ.

ನಾನು ಬಿ.ಎ. ಮಾಡಿದ್ದೆ. ಮಗು ಸಾಕುವುದಕ್ಕೂ ಒಂದು ಇಂಗ್ಲಿಷ್ ಪುಸ್ತಕ ತರಿಸಿಕೊಂಡಿದ್ದೆ. ತೂಕ ಏರಲಿಲ್ಲವೆಂದು ಒಂದು ಚಿಂತೆ, ಗೋಡೆಯ ಸುಣ್ಣ ಕೆರೆದು ತಿನ್ನುತ್ತಾಳೆಂದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, ಅವಳು ನೀರು ಕುಡಿಯುತ್ತಿರಲಿಲ್ಲ. ಮೂರು ದಿನಕ್ಕೊಮ್ಮೆ ಮುಖ ಕೆಂಪಗೆ ಮಾಡಿಕೊಂಡು ತಿಣುಕುವಾಗ ನನಗೇ ಅಳು ಬರುತ್ತಿತ್ತು.

"ಏನವ್ವ, ಇವತ್ತು ಬುಕ್ಕು ಏನು ಹೇಳ್ತು?" ಎಂದು ಅಜ್ಜಿ ರೇಗಿಸುತ್ತಿದ್ದಳು. "ನಮ್ಮ ಎಮ್ಮೆ ಒಂದಕ್ಷರ ಕಲೀನಿಲ್ಲ, ಕರ ನೋಡು ಹೆಂಗದೆ!"

ಕೊನೆಗೆ ನಾನೇ ಒಂದು ಉಪಾಯ ಹುಡುಕಿದೆ. ಪುಟ್ಟ ಹಿತ್ತಾಳೆ ಲೋಟಗಳಲ್ಲಿ ನೀರು ತುಂಬಿ ಮಗುವಿನ ಕೈಗೆ ಸಿಗುವಲ್ಲೆಲ್ಲ ಇಟ್ಟೆ. ಬಾಗಿಲ ಮೂಲೆಯಲ್ಲಿ ಒಂದು, ಕಿಟಕಿಯ ಕೆಳಗೆ ಒಂದು, ಅಡುಗೆಮನೆಯ ಗೋಡೆಯ ಪಕ್ಕ ಒಂದು. ಆಟದ ನಡುವೆ ಅವಳು ಲೋಟ ಎತ್ತಿ ಗಟಗಟ ಕುಡಿಯತೊಡಗಿದಳು. ನನಗೆ ಹೆಮ್ಮೆಯೋ ಹೆಮ್ಮೆ. ಅಜ್ಜಿಗೂ ಕರೆದು ತೋರಿಸಿದೆ.

ಅವಳು ನಗಲಿಲ್ಲ. "ಕುಡೀಲಿ, ಸಂತೋಸ. ಆದ್ರೆ ಕಂಡ ಲೋಟ ಎಲ್ಲಾ ನಂದೇ ಅನ್ಕತದೆ ಮಗ. ನಿಗಾ ಇರ್ಲಿ ಕಣವ್ವ."

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ವಾರ ಕಳೆದಿರಬೇಕು. ಅನ್ನ ಅರ್ಧ ಬೆಂದಿತ್ತು, ಸ್ಟೌವಿನಲ್ಲಿ ಸೀಮೆಎಣ್ಣೆ ಮುಗಿಯಿತು. ಡಬ್ಬದಿಂದ ಬಗ್ಗಿಸಿಕೊಳ್ಳಲು ಕೈಗೆ ಸಿಕ್ಕಿದ ಲೋಟ ತೆಗೆದುಕೊಂಡೆ. ಸ್ಟೌವಿಗೆ ಸುರಿದ ಮೇಲೂ ಅರ್ಧ ಲೋಟ ಉಳಿಯಿತು. ಅಷ್ಟರಲ್ಲಿ ಹೊರಗಿನಿಂದ "ಸೊಪ್ಪೂ..." ಎಂಬ ಕೂಗು. ಲೋಟವನ್ನು ನೆಲದ ಮೇಲಿಟ್ಟು ಬಾಗಿಲಿಗೆ ಹೋದೆ. ಎರಡು ಕಟ್ಟು ಆರಿಸುವಷ್ಟು ಹೊತ್ತು, ಅಷ್ಟೇ.

ಒಳಗಿನಿಂದ ಕೆಮ್ಮು ಕೇಳಿತು.

ಮಗಳು ಗೋಡೆಗೊರಗಿ ನಿಂತಿದ್ದಳು. ಗಲ್ಲ, ಕುತ್ತಿಗೆ, ಫ್ರಾಕು ಒದ್ದೆ. ಲೋಟ ಕಾಲ ಬಳಿ ಉರುಳಿತ್ತು. ಮನೆಯೆಲ್ಲ ಆ ವಾಸನೆ.

ನನ್ನ ತಲೆ ಚುರುಕಾಗಿ ಓಡಿತು. ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಕೇಳಿದ್ದೆ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ಕಕ್ಕಿಸಬೇಕು. ಇನ್ನೊಂದು ಲೋಟ ನೀರಿಗೆ ಹಿಡಿ ಉಪ್ಪು ಹಾಕಿ ಕಲಕಿದೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ದವಡೆ ಅದುಮಿ ಬಾಯಿ ತೆರೆಸಿ ಲೋಟ ಎತ್ತಿದೆ.

ಆಗ ಆ ಹಸಿರು ಹೆಬ್ಬೆರಳು ನನ್ನ ಮಣಿಕಟ್ಟಿಗೆ ಕಚ್ಚಿಕೊಂಡಿತು. ಅಜ್ಜಿ ಅಡುಗೆಮನೆಯ ಒಳಗಿದ್ದಳು.

"ಬ್ಯಾಡ! ಕಕ್ಕಿಸ್ಬ್ಯಾಡ!"

"ಬಿಡು ಅಜ್ಜಿ! ನಿನಗೇನು ಗೊತ್ತು? ನಾನು ಓದಿದ್ದೀನಿ!"

"ನಂಗೊತ್ತು ಕಣವ್ವ." ಅವಳ ದನಿ ಏರಲಿಲ್ಲ. "ನನ್ ಕೂಸ್ಗೆ ನಾನೇ ಕೈಯಾರ ಕುಡ್ಸಿದ್ದೆ ಉಪ್ಪುನೀರ. ಸೀಮೆಣ್ಣೆ ಕುಡ್ದಾಗ ಆಟ ಆಡ್ಕಂಡೇ ಇತ್ತು. ಕಕ್ಕುವಾಗ ಎದೆಗೆ ನುಗ್ತು. ಸಂಜೆಗೆಲ್ಲ ಉಸ್ರು ನಿಂತೋಯ್ತು."

ನಾನು ಲೋಟ ನೆಲಕ್ಕಿಟ್ಟೆ. ಅವಳೇ ಮಗುವಿನ ಫ್ರಾಕು ಕಿತ್ತೆಸೆದು, ಬಾಯಿ ಮೈ ಒರೆಸಿ, ನೆಟ್ಟಗೆ ಭುಜಕ್ಕೊರಗಿಸಿ ಎತ್ತಿಕೊಂಡಳು. "ನಡಿ, ಡಾಕ್ಟ್ರತ್ರ."

ಮಾಗಡಿ ರಸ್ತೆಯಲ್ಲಿ ಜಟಕಾ ಸಿಕ್ಕಿತು. ದಾರಿಯುದ್ದಕ್ಕೂ ಮಗು ಕೆಮ್ಮುತ್ತಲೇ ಇತ್ತು. "ಮಲಗಿಸ್ಬ್ಯಾಡ, ಹಿಂಗೇ ಇರ್ಲಿ" ಎನ್ನುತ್ತಾ ಅಜ್ಜಿ ಅದರ ಬೆನ್ನು ಸವರುತ್ತಿದ್ದಳು.

ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ವಾಂತಿ ಮಾಡಿಸಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಪುಣ್ಯ ಮಾಡಿದ್ರಿ. ಹೊಟ್ಟೆಗಿಂತ ಶ್ವಾಸಕೋಶದ ಭಯ ಜಾಸ್ತಿ. ಎರಡು ದಿನ ಉಸಿರು ನೋಡ್ಕೊಳ್ಳಿ."

ನಾನು ಅಜ್ಜಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಎರಡು ದಿನ ಮಗುವಿನ ಪಕ್ಕೆಲುಬು ಏರಿಳಿಯುವುದನ್ನೇ ನೋಡುತ್ತಾ ಕೂತೆ. ಜ್ವರ ಬಂತು, ಇಳಿಯಿತು. ಅಜ್ಜಿ ಎರಡು ಹೊತ್ತೂ ಬಂದು ಮತ್ತೆ ಹೊಸ್ತಿಲಾಚೆಯೇ ನಿಂತು, "ಉಸ್ರು ಹೆಂಗದೆ?" ಎಂದು ಕೇಳಿ ಹೋಗುತ್ತಿದ್ದಳು. ಮೂರನೆಯ ದಿನ ಮಗು ನಕ್ಕಿತು.

ಆದರೆ ಲೋಟ ಕಂಡರೆ ಸಾಕು, ಚೀರಿ ಮುಖ ತಿರುಗಿಸುತ್ತಿತ್ತು. ಮತ್ತೆ ಹನಿ ನೀರು ಇಳಿಯದಾಯಿತು. ಆಗ ನಾನೇ ಅಜ್ಜಿಯ ಕೈ ಹಿಡಿದು ಒಳಗೆ ಕರೆತಂದೆ. ಅವಳು ಬಚ್ಚಲ ಬಳಿ ಕುಕ್ಕರುಗಾಲಲ್ಲಿ ಕೂತು ಬೊಗಸೆ ಚಾಚಿದಳು. "ಸುರಿಯವ್ವ" ಎಂದಳು. ನಾನು ಸುರಿದೆ. ಮಗಳು ಆ ಹಸಿರು ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿ, ಬಗ್ಗಿ, ಕರುವಿನ ಹಾಗೆ ಹೀರಿದಳು. ತಿಂಗಳುಗಟ್ಟಲೆ ಅವಳು ಮನಸಾರೆ ನೀರು ಕುಡಿದದ್ದು ಆ ಬೊಗಸೆಯಲ್ಲೇ.

ನಿನ್ನ ಕೂಸಿನ ವಿಷಯ ಹೇಳು ಎಂದು ಒಮ್ಮೆ ಕೇಳಿದೆ. "ಬದುಕಿದ್ರೆ ನಿನ್ನಷ್ಟು ಆಗಿರೋಳು" ಎಂದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಮಗಳು ಶಾಲೆಗೆ ಸೇರಿದ ವರ್ಷ ಮಂಕರಿ ಹೊತ್ತು ಬೇರೊಬ್ಬಳು ಬಂದಳು. ಅಜ್ಜಿಯ ಸೊಸೆ. "ಅತ್ತೆ ಹೋಗ್ಬುಟ್ರು ಕಣಮ್ಮ. ಹೋಗೋ ವಾರ್ದಾಗೂ ಕೇಳ್ತಿದ್ರು, ಆ ಮನೆ ಮಗ ನೀರು ಕುಡೀತದಾ ಅಂತ."

ಕುಡಿಯುತ್ತಾಳೆ. ಲೋಟದಲ್ಲೇ ಕುಡಿಯುತ್ತಾಳೆ. ನನ್ನನ್ನು ಕಾಡುವುದು ಸೀಮೆಎಣ್ಣೆಯ ಲೋಟವಲ್ಲ, ಅದು ಅಜಾಗ್ರತೆ. ಕಾಡುವುದು ಇನ್ನೊಂದು ಲೋಟ. ಆ ದಿನ ಡಾಕ್ಟರ ಹತ್ತಿರದಿಂದ ಬಂದಾಗ ಅದು ಅಡುಗೆಮನೆಯ ನೆಲದ ಮೇಲೆ ಹಾಗೆಯೇ ಇತ್ತು, ತಳದಲ್ಲಿ ಕರಗದ ಉಪ್ಪಿನೊಂದಿಗೆ. ಬೆಳಿಗ್ಗೆ ಮಗಳ ತುಟಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರವಿತ್ತು. ಆ ನಾಲ್ಕು ಬೆರಳೂ ಅಜ್ಜಿಯವು.