ದೋಸೆ ಥರಾನೇ ಇರುತ್ತಂತೆ

ಇಥಿಯೋಪಿಯಾದವರ ಇಂಜೆರಾ ನಮ್ಮ ದೋಸೆಯ ಹಾಗೆಯೇ ಇರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಗಂಡ ನನ್ನನ್ನು ಲೀಡ್ಸ್‌ನ ಹೋಟೆಲೊಂದಕ್ಕೆ ಕರೆದುಕೊಂಡು ಹೋದರು. ಬಂದದ್ದು ತಣ್ಣಗೆ, ಒದ್ದೆ ಸ್ಪಂಜಿನಂತಿತ್ತು.

“ಬಾಯಿಗಿಡೋ ಹಾಗಿಲ್ಲ, ಬರೀ ಹುಳಿ,” ಎಂದು ಅವರೇ ಗೊಣಗಿದರು.

ಅಷ್ಟರಲ್ಲಿ ಬಡಿಸುವವಳು ಬಂದು ಊಟ ಹೇಗಿದೆಯೆಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಇವರು ಮುಖ ಅರಳಿಸಿ, “ಲವ್ಲಿ, ಥ್ಯಾಂಕ್ ಯೂ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಈ ಊರಿನ ಚಳಿಗೆ ಹಿಟ್ಟು ಉಬ್ಬುವುದಿಲ್ಲವೆಂದು ಪಾತ್ರೆಗೆ ಕಂಬಳಿ ಸುತ್ತಿ ಬಾಯ್ಲರಿನ ಪಕ್ಕ ಇಡುವವಳು ನಾನು. ಮದುವೆಯಾದಾಗಿನಿಂದ ನನ್ನ ದೋಸೆಗೆ ಅಂಥ ಒಂದು ಮಾತು ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ತುತ್ತಿಗೇ, “ಸ್ವಲ್ಪ ಹುಳಿ ಜಾಸ್ತಿಯಾಯ್ತು ಕಣೇ,” ಎಂದರು.

ನಾನು ಒಲೆ ಆರಿಸಿ, ಸೌಟು ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ.

“ಅದನ್ನೇ ಇಂಗ್ಲಿಷಲ್ಲಿ ಹೇಳಿ,” ಎಂದೆ.