ಪಾಸ್‌ವರ್ಡ್ ಕೇಳುವ ಪೆಟ್ಟಿಗೆ

ಹೆದರುವ ವಿಷಯದಲ್ಲಿ ನಾನು ಯಾರ ಹಂಗಿನಲ್ಲೂ ಇಲ್ಲ. ಕಾರಣವನ್ನೂ ನಾನೇ ಹುಡುಕಿಕೊಳ್ಳುತ್ತೇನೆ. ಬ್ಯಾಂಕಿನಿಂದ ಹಬ್ಬದ ಶುಭಾಶಯ ಬಂದರೂ ಎರಡು ಸಲ ಓದಿ, ಬೆವರಿ, ಅಳಿಸಿಹಾಕುವವನು ನಾನು. ಹೊಳೆನರಸೀಪುರದ ಒಂದು ಅನುದಾನಿತ ಖಾಸಗಿ ಪಿಯು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ದಿನವೂ ಹಾಸನದಿಂದ ಬಸ್ಸಿನಲ್ಲಿ ಓಡಾಟ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಅಷ್ಟರೊಳಗೆ ಏನಾದರೊಂದು ಆಗಿಯೇ ತೀರುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಅದು ಆಗಿದ್ದು ಒಂದು ಮಧ್ಯಾಹ್ನ ಮೂರು ಗಂಟೆಗೆ. ನಮ್ಮಲ್ಲಿ ಓದಿದ ಕಾವ್ಯ ಎಂಬ ಹುಡುಗಿ ಮಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟಿಗಾಗಿ ಕಾದು ಕೂತಿದ್ದಳು. ಅವಳ ವ್ಯಾಸಂಗ ಪ್ರಮಾಣಪತ್ರ ನಾಲ್ಕು ಗಂಟೆಯೊಳಗೆ, ಅದೂ ನಮ್ಮ ಕಾಲೇಜಿನ ಇ-ಮೇಲ್‌ನಿಂದಲೇ ಅಲ್ಲಿಗೆ ತಲುಪಬೇಕು. ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರಿಗೆ. ಅವಳ ತಾಯಿ ಜಯಮ್ಮ ಊರಿನಿಂದ ಓಡಿಬಂದು ನನ್ನ ಮೇಜಿನೆದುರು ಬೆಂಚಿನ ತುದಿಯಲ್ಲಿ ಕೂತಿದ್ದರು. ಪತ್ರವನ್ನು ನಾನೇ ಕನ್ನಡದಲ್ಲಿ ಟೈಪ್ ಮಾಡಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಮೇಲ್ ಪ್ರೋಗ್ರಾಮಿನಲ್ಲಿ ಲಗತ್ತಿಸಿ ಕಳಿಸಲು ಒತ್ತಿದೆ. ಪುಟ್ಟ ಪೆಟ್ಟಿಗೆಯೊಂದು ಎದ್ದು ನಿಂತು ಪಾಸ್‌ವರ್ಡ್ ಕೇಳಿತು.

ಕೇಳಿದ್ದರಲ್ಲಿ ತಪ್ಪಿಲ್ಲ. ಹಿಂದಿನ ಸಂಜೆ ಪೇಪರಿನಲ್ಲಿ ವಂಚನೆಯ ಸುದ್ದಿ ಓದಿ, ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದ್ದೆ. ಆಮೇಲೆ ಫೋನೇ ಕಳೆದುಹೋದರೆ ಗತಿಯೇನೆಂದು ಹೆದರಿ, ಅದರಿಂದ ಕಾಲೇಜಿನ ಮೇಲನ್ನೇ ತೆಗೆದುಹಾಕಿದ್ದೆ. ಹೊಸ ಪಾಸ್‌ವರ್ಡ್ ಬಾಯಿಪಾಠವಾಗಿತ್ತು. ಕೊಟ್ಟೆ. ಪೆಟ್ಟಿಗೆ ಮಾಯವಾಯಿತು. ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಬಂತು. ಒಂದೊಂದೇ ಅಕ್ಷರ ಮನಸ್ಸಿನಲ್ಲಿ ಹೇಳಿಕೊಂಡು ಒತ್ತಿದೆ. ಮತ್ತೆ ಬಂತು.

ಹಿಂದಿನ ಕಾಲದಲ್ಲಿ ಕೋಟೆಯ ಕಾವಲುಗಾರರೂ ಗುಟ್ಟಿನ ಮಾತು ಕೇಳಿಯೇ ಒಳಗೆ ಬಿಡುತ್ತಿದ್ದರಂತೆ. ಆದರೆ ಕಾವಲುಗಾರನಿಗೆ ಒಂದು ಮುಖವಿರುತ್ತಿತ್ತು. 'ನಾನು ಇದೇ ಊರಿನವನು ಕಣಪ್ಪ' ಎಂದು ಅಂಗಲಾಚಬಹುದಿತ್ತು. ಈ ಪೆಟ್ಟಿಗೆಯೆದುರು ಯಾರ ಕಾಲು ಹಿಡಿಯುವುದು? ಹೆಚ್ಚು ಸಲ ತಪ್ಪಿದರೆ ಖಾತೆಗೇ ಬೀಗ ಬೀಳುತ್ತದೆಂದು ಎಲ್ಲೋ ಕೇಳಿದ್ದೆ. ಐದನೆಯ ಸಲ ಒತ್ತಿ ಕೈ ಹಿಂದೆಗೆದೆ. ಯಾರೋ ಒಳಹೊಕ್ಕು ಪಾಸ್‌ವರ್ಡ್ ಬದಲಿಸಿದ್ದಾರೆ, ಕಾಲೇಜಿನ ಹೆಸರಲ್ಲಿ ಏನೇನೋ ಕಳಿಸುತ್ತಿದ್ದಾರೆ, ನಾಳೆ ಪೊಲೀಸರು ಬರುತ್ತಾರೆ, ಪಿಂಚಣಿಯೂ ಹೋಯಿತು. ಒಂದು ನಿಮಿಷದಲ್ಲಿ ಅಷ್ಟು ದೂರ ಹೋಗಿ ಬಂದೆ.

ಹೆದರಿದವನಿಗೆ ಕಳ್ಳನೊಬ್ಬ ಬೇಕು. ಪಕ್ಕದ ಮೇಜಿನ ಗುಮಾಸ್ತೆ ಶಾರದಮ್ಮ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ಹಾಜರಿ ಪಟ್ಟಿ ತೆಗೆದಿದ್ದರು.

"ನನ್ನ ಮಿಶಿನ್‌ನಲ್ಲಿ ಏನ್ ಮಾಡಿದ್ರಿ ನೀವು? ಪಾಸ್‌ವರ್ಡ್ ಮುಟ್ಟಿದ್ರಾ?" ಎಂದುಬಿಟ್ಟೆ. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವರು. ಅವರು ಕೈಯಲ್ಲಿದ್ದ ಫೈಲನ್ನು ಮುಚ್ಚಿ ಕಿಟಕಿಯತ್ತ ತಿರುಗಿದರು.

"ಏನಾಯ್ತು ಸಾ?" ಎಂದರು ಜಯಮ್ಮ.

"ಏನಿಲ್ಲ ಕಣಮ್ಮ, ಸರ್ವರ್ ಸ್ವಲ್ಪ ನಿಧಾನ."

ಅವರು ನನ್ನ ಮುಖವನ್ನೇ ನೋಡಿದರು. "ಸುಳ್ಳೇಳ್ಬ್ಯಾಡಿ ಸಾ. ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಅನ್ನಿ. ಮಗೀಗೆ ನಾನೇ ವಿಸ್ಯ ಏಳ್ಬೇಕು. ಅಲ್ಲಿ ಒಬ್ಳೇ ಕುಂತವ್ಳೆ."

ಆಗ ಗಂಟೆ ಮೂರೂ ಮೂವತ್ತೈದು. ನನ್ನ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಚನ್ನರಾಯಪಟ್ಟಣದ ಮಂಜುಗೆ ಫೋನ್ ಮಾಡಿದೆ. ನಮ್ಮ ಕಂಪ್ಯೂಟರುಗಳನ್ನು ರಿಪೇರಿ ಮಾಡುವವನು ಅವನೇ.

"ಸಾ, ಮೊದ್ಲು ಅದನ್ನ ಒತ್ತಾದು ನಿಲ್ಸಿ. ನೋಟ್‌ಪ್ಯಾಡ್ ತಗೀರಿ, ಪಾಸ್‌ವರ್ಡ್ ಅಲ್ಲಿ ಟೈಪ್ ಒಡೀರಿ. ಏನ್ ಬತ್ತದೆ ನೋಡಿ."

ಒತ್ತಿದೆ. ತೆರೆಯ ಮೇಲೆ ಮೂಡಿದ್ದು ಯಾವ ನಿಘಂಟಿನಲ್ಲೂ ಸಿಗದ ಒಂದು ಕನ್ನಡ ಪದ.

"ಮಂಜು, ಕನ್ನಡ ಬರ್ತಿದೆ."

"ಕನ್ನಡ ಟೈಪಿಂಗ್ ಆನ್ ಆಗೇ ಐತೆ ಸಾ. ಪೆಟ್ಗೆ ಒಳ್ಗೆ ಬರೀ ಚುಕ್ಕಿ ಕಾಣ್ತವಲ್ಲ, ಅದ್ಕೆ ಗೊತ್ತಾಗಿಲ್ಲ. ಆಫ್ ಮಾಡ್ಬುಟ್ಟು ಒಡೀರಿ."

ಪ್ರಮಾಣಪತ್ರ ಟೈಪ್ ಮಾಡಿ ಕನ್ನಡವನ್ನು ಹಾಗೆಯೇ ಬಿಟ್ಟವನು ನಾನೇ. ಇಂಗ್ಲಿಷಿಗೆ ಬದಲಿಸಿ, ಪಾಸ್‌ವರ್ಡ್ ಒತ್ತಿದೆ. ಪೆಟ್ಟಿಗೆ ಹೋಯಿತು. ಅದು ಮತ್ತೆ ಬಂದೀತೆಂದು ಕಾದೆ. ಬರಲಿಲ್ಲ. ಮೇಲ್ ಹೊರಟಿತು.

ಹೊರಟಿತೆಂದು ನಾನು ಹೇಳಿದರೂ ಜಯಮ್ಮ ಏಳಲಿಲ್ಲ. ಒಂದು ಸಲ ಸುಳ್ಳು ಹೇಳಿದ ಬಾಯಿ ನನ್ನದು. ನಾಲ್ಕಕ್ಕೆ ಐದು ನಿಮಿಷವಿರುವಾಗ ಮಗಳ ಫೋನ್ ಬಂದ ಮೇಲೆಯೇ ಎದ್ದರು. "ಸಿಕ್ತಂತೆ ಸಾ. ನಾನಂದಿದ್ದ ಮನ್ಸಿಗೆ ಅಚ್ಕಬ್ಯಾಡಿ" ಎಂದು ಸೆರಗು ಸರಿಮಾಡಿಕೊಂಡು ಹೋದರು.

ಇನ್ನು ಶಾರದಮ್ಮ. ತಪ್ಪು ನನ್ನದೇ ಎಂದು ಅವರಿಗೆ ತಿಳಿದಿರಲಿಲ್ಲ. ಸರ್ವರ್ ಕೆಟ್ಟಿತ್ತೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ 'ಸುಳ್ಳೇಳ್ಬ್ಯಾಡಿ ಸಾ' ಎಂದು ಜಯಮ್ಮ ಅಂದ ಮಾತು ಇನ್ನೂ ಕಿವಿಯಲ್ಲಿತ್ತು. ಅವರ ಮೇಜಿನ ಬಳಿ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹೆದರಿ ಹಾಗಂದೆ, ತಪ್ಪಾಯಿತು ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೋಗ್ಲಿ ಬಿಡಿ ಸಾರ್. ನಾನೂ ಒಂದ್ಸಲ ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ. ನಾನು ಬಾಯ್ಬಿಟ್ಟು ಹೇಳ್ಲಿಲ್ಲ, ಅಷ್ಟೇ."

ಯಾವಾಗ, ಯಾವ ವಿಷಯಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಧೈರ್ಯ ಆ ದಿನಕ್ಕೆ ಉಳಿದಿರಲಿಲ್ಲ.